ಇಪ್ಪತ್ತು ಮುಗಿಯದ ರೀಲು

ಒಂದು ಹಿಡಿ ತೌಡಿದ್ದರೂ ಸಾಕು, ಮನೆ ಅಳಿಯನಾಗಬೇಡ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ನನ್ನ ಬಳಿ ಆ ಒಂದು ಹಿಡಿ ತೌಡೂ ಇರಲಿಲ್ಲ, ಆದ್ದರಿಂದ ಆದೆ. ಹದಿನೇಳು ವರ್ಷದ ಹಿಂದಿನ ಮಾತು. ಮನೆ ಹೆಂಡತಿಯದು, ಮನೆತನದ ಹೆಸರು ಹೆಂಡತಿಯದು, ಬೆಕ್ಕು ಕೂಡ ಹೆಂಡತಿಯ ಕಡೆಯದು. ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಎರಡೇ. ಒಂದು, ಅಡುಗೆಮನೆಯ ಹಿಂದಿನ, ಮೂರು ಚಾಪೆ ಹಾಸಿದರೆ ತುಂಬಿಹೋಗುವ ಕೋಣೆ. ಭಾನುವಾರ ಮಧ್ಯಾಹ್ನ ಗಾಳದ ಕೋಲುಗಳ ನಡುವೆ ಅಲ್ಲಿ ಮಲಗಿದರೆ ಯಾರೂ ನನ್ನನ್ನು ಏನೂ ತರಲು ಕಳಿಸುತ್ತಿರಲಿಲ್ಲ. ಇನ್ನೊಂದು, ಸುವಾ ಸರೋವರದ ದಂಡೆಯ ಕ್ಯಾಮೆರಾ ಕಾರ್ಖಾನೆಯಲ್ಲಿ ನನಗಿದ್ದ ಸ್ಥಾನ.

ಸ್ಥಾನ ಅಂದರೆ ಮ್ಯಾನೇಜರ್ ಗೀನೇಜರ್ ಎಂದುಕೊಳ್ಳಬೇಡಿ. ಕ್ಯಾಮೆರಾದ ನೆತ್ತಿಯ ಮೇಲೆ ಬಟಾಣಿ ಕಾಳಿನಷ್ಟು ಒಂದು ಗಾಜಿನ ಕಿಟಕಿ ಇರುತ್ತದಲ್ಲ, ಎಷ್ಟನೆಯ ಫೋಟೊ ಎಂದು ಅಂಕಿ ತೋರಿಸುವುದು, ಆ ಕೌಂಟರ್ ಜೋಡಿಸುವವನು ನಾನು. ಅಂಕಿ ಬರೆದ ಒಂದು ಪುಟ್ಟ ತಟ್ಟೆ, ಅದನ್ನು ಒಂದೊಂದೇ ಹಲ್ಲು ಮುಂದಕ್ಕೆ ತಳ್ಳುವ ಒಂದು ಕೊಕ್ಕೆ, ಮತ್ತೆ ಹಿಂದಕ್ಕೆಳೆಯಲು ಕೂದಲೆಳೆಯಂಥ ಒಂದು ಸ್ಪ್ರಿಂಗು. ಹನ್ನೊಂದು ವರ್ಷದಿಂದ ಇದೇ ಕೆಲಸ. ಲೋಕವೆಲ್ಲ ಲೆನ್ಸನ್ನು ಹೊಗಳುತ್ತದೆ. ನನ್ನ ಕಿಟಕಿಯನ್ನು ಹೊಗಳಿದ ಒಬ್ಬ ಪುಣ್ಯಾತ್ಮನನ್ನೂ ನಾನು ಕಂಡಿಲ್ಲ. ಆದರೆ ನೀವೇ ಹೇಳಿ, ಎಷ್ಟು ತೆಗೆದಾಯಿತು, ಎಷ್ಟು ಉಳಿಯಿತು ಎಂದು ಹೇಳುವವರೇ ಇಲ್ಲದಿದ್ದರೆ ಆ ಲೆನ್ಸು ತಾನೇ ಏನು ಮಾಡೀತು? ಮದುವೆಯೂಟದ ಮೀನಿನ ಫೋಟೊ ಹತ್ತು ತೆಗೆದು, ಮದುಮಗಳು ಮನೆ ಬಿಡುವ ಹೊತ್ತಿಗೆ ರೀಲು ಮುಗಿದಿರುತ್ತದೆ.

ಇರಲಿ. ೧೯೬೬ರ ಹೊಸ ವರ್ಷಕ್ಕೆ ನಮ್ಮ ಅತ್ತೆಗೆ ಎಪ್ಪತ್ತೇಳಾಯಿತು. ಅತ್ತೆಯ ಹೆಸರು ತೋರಾ, ಅಂದರೆ ಹುಲಿ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹುಲಿ ವರ್ಷದಲ್ಲಿ ಹುಟ್ಟಿದ್ದಕ್ಕೆ ಹಾಗೆ ಹೆಸರಿಟ್ಟರಂತೆ. (ಹೆಸರಿಟ್ಟವರಿಗೆ ಭವಿಷ್ಯವೂ ತಿಳಿದಿತ್ತು ಎಂಬುದು ನನ್ನ ಖಾಸಗಿ ಅಭಿಪ್ರಾಯ.) ಎಪ್ಪತ್ತೇಳೆಂದರೆ ನಮ್ಮಲ್ಲಿ ನೇರಳೆ ಬಣ್ಣದ ಅಂಗಿ ತೊಡಿಸಿ, ಕೆಂಪು ಕಾಳಿನ ಅನ್ನ ಮಾಡಿ, ಊರನ್ನು ಕರೆದು ಉಣ್ಣಿಸುವ ಸಂಭ್ರಮ. ಆದರೆ ನನ್ನ ಹೆಂಡತಿ ಶಿನೊಗೆ ಆ ಅಂಕಿಯೇ ಒಪ್ಪಿಗೆಯಿಲ್ಲ.

"ಅಮ್ಮಾ, ನಿಂಗೆ ಎಪ್ಪತ್ತೈದು. ನವೆಂಬರ್‌ನಲ್ಲಿ ಹುಟ್ಟಿದೋಳು ನೀನು. ತುಂಬಿದ ವರ್ಷ ಮಾತ್ರ ಎಣಿಸ್ಬೇಕು."

"ಹುಟ್ಟಿದ ಕೂಡ್ಲೇ ಒಂದು. ಹೊಸ ವರ್ಷ ಬಂದ ಹಾಗೆಲ್ಲ ಇನ್ನೊಂದೊಂದು. ನಮ್ಮಪ್ಪ ಹಾಗೇ ಎಣಿಸಿದ್ದು."

"ಆ ಲೆಕ್ಕ ಬಿಡಿ ಅಂತ ಸರ್ಕಾರ ಹೇಳಿ ಹದಿನಾರು ವರ್ಷ ಆಯ್ತು."

"ಸರ್ಕಾರ ಬಂದಿತ್ತಾ ನಮ್ಮಮ್ಮನ ಬಾಣಂತನಕ್ಕೆ?"

"ಎರಡು ವರ್ಷ ಕಾದ್ರೆ ಏನಮ್ಮ ಗಂಟು ಹೋಗೋದು?"

"ಎರಡು ವರ್ಷ ಕಾಯ್ತಾ ಕೂತ್ರೆ ಅಕ್ಕ ಇರ್ತಾಳೋ ಇಲ್ವೋ!"

'ಅಕ್ಕ' ಎಂಬ ಪದ ಆ ಮನೆಯಲ್ಲಿ ಹದಿನೆಂಟು ವರ್ಷದಿಂದ ನಿಷೇಧವಾಗಿತ್ತು. ನಾನಂತೂ ಅದನ್ನು ಅತ್ತೆಯ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಕಾರಣ ಒಂದು ಕಲ್ಲು. ಸೊಪ್ಪಿನ ಉಪ್ಪಿನಕಾಯಿಯ ಪೀಪಾಯಿಯ ಮೇಲೆ ಭಾರಕ್ಕೆ ಇಡುತ್ತಾರಲ್ಲ, ಅಂಥದೊಂದು ಹೊಳೆಗಲ್ಲು. ಮೂರು ತಲೆಮಾರಿನದು. ಅತ್ತೆಯ ತಾಯಿ ತೀರಿಕೊಂಡಾಗ ಹಿರಿಯ ಮಗಳು ಸೋಯೊ "ಕಲ್ಲು ನಂಗೆ ಅಂತ ಅಮ್ಮ ಹೇಳಿದ್ಲು" ಎಂದರು. ಕಿರಿಯ ಮಗಳು ತೋರಾ "ಮನೆ ಯಾರದೋ ಕಲ್ಲೂ ಅವರದೇ" ಎಂದರು. ಸೋಯೊ ರೈಲು ಹತ್ತಿ ಸಮುದ್ರದ ಕಡೆಯ ತಮ್ಮ ಊರು ನಾವೊಎತ್ಸುಗೆ ಹೋದವರು ಮತ್ತೆ ಬರಲಿಲ್ಲ. ವರ್ಷಕ್ಕೊಂದು ಹೊಸ ವರ್ಷದ ಕಾರ್ಡು ಬರುತ್ತಿತ್ತು, ಅಚ್ಚಾದ ಶುಭಾಶಯದ ಕೆಳಗೆ ಒಂದಕ್ಷರ ಹೆಚ್ಚಿಗೆ ಇರುತ್ತಿರಲಿಲ್ಲ. ಇಲ್ಲಿಂದಲೂ ಅಂಥದೇ ಹೋಗುತ್ತಿತ್ತು.

"ನಮ್ಮಿಬ್ಬರದು ಅಂತ ಒಂದು ಫೋಟೊ ಇಲ್ಲ," ಎಂದರು ಅತ್ತೆ, ಕಾಲು ಬೆಚ್ಚಗಿಡಲು ಅಡಿಯಲ್ಲಿ ಕೆಂಡವಿಟ್ಟ ಮೇಜಿನ ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಳ್ಳುತ್ತ. "ಚಿಕ್ಕೋರಿದ್ದಾಗಲೂ ತೆಗೆಸಿಲ್ಲ. ಒಂದೇ ಒಂದು ಸಾಕು. ಕಲ್ಲು ಕೊಡಲ್ಲ. ಫೋಟೊ ಕೊಡ್ತೀನಿ."

ಶಿನೊ ಆ ಕ್ಷಣವೇ ಎಪ್ಪತ್ತೈದರ ವಾದ ಬಿಟ್ಟು ಪತ್ರ ಬರೆಯಲು ಕೂತಳು. ಬರೆಯುತ್ತಲೇ, "ಪೇಟೆ ಸ್ಟುಡಿಯೊದೋರನ್ನ ಕರೆಸೋಣ ರೀ," ಎಂದಳು. ನನ್ನ ಅಹಂಕಾರ ಅಲ್ಲಿ ಎದ್ದು ನಿಂತಿತು.

"ಕಮ್ಮಾರನ ಮನೆಗೆ ಕುಡುಗೋಲು ಎರವಲು ತರೋದಾ? ಕ್ಯಾಮೆರಾ ಮಾಡೋನ ಮನೆಗೆ ಫೋಟೊದವನು ಯಾಕೆ?"

"ನೀವು ಕ್ಯಾಮೆರಾ ಮಾಡಲ್ಲ ರೀ. ಅದರ ಮೇಲಿನ ನಂಬರ್ ಮಾಡ್ತೀರಿ."

ನೋಡಿ, ನಮ್ಮ ಮನೆಯಲ್ಲಿ ಕೌಂಟರ್ ಜೋಡಿಸುವವನು ನಾನು, ಕೌಂಟರ್ ಕೊಡುವವಳು ಅವಳು. ಆದರೂ ಬಿಡಲಿಲ್ಲ. ಮರುದಿನವೇ ಕಾರ್ಖಾನೆಯಿಂದ ನನ್ನ ಕೈಯಾರೆ ಕಿಟಕಿ ಕೂರಿಸಿದ ಒಂದು ಕ್ಯಾಮೆರಾ, ಇಪ್ಪತ್ತು ಫೋಟೊದ ಒಂದು ರೀಲು ತಂದೆ. ಅತ್ತೆಯನ್ನು ಕೂರಿಸಿಕೊಂಡು ಪಾಠ ಆರಂಭಿಸಿದೆ. ಬೆನ್ನಿನ ಬಾಗಿಲು ಮುಚ್ಚಿ ಲಿವರ್ ತಿರುಗಿಸಿದರೆ ಕಿಟಕಿಯಲ್ಲಿ 'ಒಂದು' ಬರುತ್ತದೆ.

"ಒಂದು ಅಂದ್ರೆ ಏನು ಅಳಿಯಂದ್ರೆ? ಒಂದು ತೆಗೆದಾಯ್ತು ಅಂತಲೋ, ಒಂದನೇದು ಇನ್ನು ತೆಗೀಬೇಕು ಅಂತಲೋ?"

"ತೆಗೀಬೇಕು ಅಂತ ಅತ್ತೆ. ಈಗ ಯಾವುದರಲ್ಲಿ ಇದ್ದೀವೋ ಅದು."

ಅತ್ತೆ ಮಗಳ ಕಡೆ ತಿರುಗಿದ ಆ ನೋಟವನ್ನು ವರ್ಣಿಸುವುದು ಕಷ್ಟ. "ಕೇಳಿಸ್ಕೊಂಡ್ಯಾ? ಹುಟ್ಟಿದ ಕೂಡ್ಲೇ ಒಂದು! ಕ್ಯಾಮೆರಾಗೂ ಗೊತ್ತು, ನಿನ್ನ ಸರ್ಕಾರಕ್ಕೆ ಗೊತ್ತಿಲ್ಲ!"

ಉತ್ಸಾಹ ತಡೆಯಲಾರದೆ ನನ್ನ ವಿದ್ಯೆಯ ಶಿಖರವನ್ನೂ ತೋರಿಸಿದೆ. ನಾಲ್ಕೈದು ಸಲ ಲಿವರ್ ತಿರುಗಿಸಿ, ಬೆನ್ನಿನ ಬಾಗಿಲು ತೆಗೆದೆ. ಟಕ್! ಐದು ಓಡಿಹೋಗಿ ಸೊನ್ನೆ. "ಬಾಗಿಲು ತೆಗೆದ್ರೆ ಹಳೇದೆಲ್ಲ ಮಾಫಿ ಅತ್ತೆ. ಮತ್ತೆ ಮೊದಲಿಂದ ಶುರು. ಈ ಸ್ಪ್ರಿಂಗು ನನ್ನ ಕೈಯದು." ಅತ್ತೆ ಅದನ್ನು ಮೂರು ಸಲ ಮಾಡಿಸಿಕೊಂಡು ನೋಡಿದರು. ನನ್ನ ಕೆಲಸವನ್ನು ಆ ಮನೆಯಲ್ಲಿ ಯಾರಾದರೂ ಅಷ್ಟು ಆಸಕ್ತಿಯಿಂದ ನೋಡಿದ್ದು ಅದೇ ಮೊದಲಾದ್ದರಿಂದ ನನ್ನ ಎದೆ ಉಬ್ಬಿತು. ಆಮೇಲೆ ರೀಲು ತುಂಬಿ, ಅದರ ನಾಲಿಗೆಯನ್ನು ಸುರುಳಿಯ ಸೀಳಿಗೆ ಸಿಕ್ಕಿಸಿ, ಬಾಗಿಲು ಮುಚ್ಚಿದೆ.

ಸಂಭ್ರಮದ ದಿನ ಬೆಳಿಗ್ಗೆ ಸೋಯೊ ದೊಡ್ಡತ್ತೆ ಬಂದಿಳಿದರು. ಬೆನ್ನಿಗೆ ಒಣಮೀನಿನ ಗಂಟು, ಎಪ್ಪತ್ತೊಂಬತ್ತರ ಸೊಂಟ ಈಟಿಯಷ್ಟು ನೇರ. ತಂಗಿಗೆ ಅರ್ಧ ಬಗ್ಗಿ ನಮಸ್ಕಾರ ಮಾಡಿದರು, ತಂಗಿಯೂ ಅಳತೆ ನೋಡಿ ಅಷ್ಟೇ ಬಗ್ಗಿದರು. ನಂತರ ದೊಡ್ಡತ್ತೆ ಸೀದಾ ಅಡುಗೆಮನೆಯ ಹಿಂದೆ ಹೋಗಿ ಪೀಪಾಯಿಯ ಮೇಲಿನ ಕಲ್ಲನ್ನು ಸವರಿ ನೋಡಿದರು.

"ಸವೆಸಿಬಿಟ್ಟಿದ್ದೀಯ."

"ಕಲ್ಲು ಸವೆಯುತ್ತಾ ಅಕ್ಕ?"

"ನಿನ್ನ ಕೈಲಿ ಏನು ಬೇಕಾದ್ರೂ ಸವೆಯುತ್ತೆ. ನಿಮ್ಮನೆಯೋರು ಸವೆದು ಹೋಗ್ಲಿಲ್ವಾ, ಪಾಪ."

ಇಲ್ಲಿಂದ ನನ್ನ ಕಾರ್ಯಭಾರ ಆರಂಭ. ನಮ್ಮಲ್ಲಿ ಫೋಟೊ ತೆಗೆಯುವುದು ಸುಲಭವಲ್ಲ ಸ್ವಾಮಿ. ಮೂವರು ಕೂತರೆ ನಡುವಿನವರು ಬೇಗ ಸಾಯುತ್ತಾರೆ, ಆದ್ದರಿಂದ ಯಾರೂ ನಡುವೆ ಕೂರುವುದಿಲ್ಲ. ನಾಲ್ಕನೆಯವರನ್ನು ಸೇರಿಸೋಣವೆಂದರೆ ನಾಲ್ಕು ಅನ್ನುವ ಪದವೂ ಸಾವು ಅನ್ನುವ ಪದವೂ ನಮ್ಮ ಬಾಯಲ್ಲಿ ಒಂದೇ. ಕೊನೆಗೆ ಐದನೆಯ ಸದಸ್ಯನಾಗಿ ಬೆಕ್ಕನ್ನು ಹಿಡಿದು ತರಬೇಕು. ಹೀಗೆ ಅಂದು ತೆಗೆದ ಅರ್ಧಕ್ಕರ್ಧ ಫೋಟೊದಲ್ಲಿ ಬೆಕ್ಕು ಅಧ್ಯಕ್ಷತೆ ವಹಿಸಿತ್ತು. ಪ್ರತಿ ಸಲವೂ ನಾನು "ಒಂದಕ್ಕೊಂದು ಕೂಡಿದ್ರೆ?" ಎಂದು ಕೂಗುವುದು, ನೆರೆಹೊರೆಯವರೆಲ್ಲ "ನೀ!" ಎನ್ನುವುದು. ನಮ್ಮ ಭಾಷೆಯಲ್ಲಿ ಎರಡಕ್ಕೆ ಹಾಗನ್ನುತ್ತಾರೆ, ಹಲ್ಲು ಕಿರಿಯದೆ ಅದು ಬಾಯಿಂದ ಹೊರಡುವುದಿಲ್ಲ. ನನ್ನ ಕಣ್ಣೆಲ್ಲ ನನ್ನ ಕಿಟಕಿಯ ಮೇಲೆ. ಏಳು, ಎಂಟು, ಹನ್ನೆರಡು, ಹದಿನೇಳು. ಎಂಥ ಗಂಭೀರ ನಡಿಗೆ!

ಅಕ್ಕತಂಗಿಯರು ಮಾತ್ರ ಒಟ್ಟಿಗೆ ಕೂರಲೊಲ್ಲರು. ಒಬ್ಬರು ಬಂದರೆ ಇನ್ನೊಬ್ಬರಿಗೆ ಒಲೆಯ ಮೇಲಿನ ಮಿಸೊ ಸಾರಿನ ನೆನಪಾಗುತ್ತಿತ್ತು. ಕಿಟಕಿಯಲ್ಲಿ ಇಪ್ಪತ್ತು ಬಂತು.

"ಮುಗೀತು," ಎಂದಳು ಶಿನೊ. "ಇಪ್ಪತ್ತು ಆಯ್ತಲ್ಲ."

"ಮುಗಿದಿಲ್ಲ!" ಎಂದು ಅತ್ತೆ ಗುಡುಗಿದರು. "ಇಪ್ಪತ್ತನೇದು ಇನ್ನೂ ತೆಗೀಬೇಕು. ಹಳೇ ಲೆಕ್ಕ! ಅಕ್ಕಾ, ಬಾರೇ ಇಲ್ಲಿ, ಒಂದೇ ಉಳಿದಿರೋದು!"

ಒಂದೇ ಉಳಿದಿದೆ ಎಂಬ ಮಾತಿಗೆ ಅದೇನು ಶಕ್ತಿಯೋ, ದೊಡ್ಡತ್ತೆ ಸೌಟು ಕೆಳಗಿಟ್ಟು ಬಂದರು. ಇಬ್ಬರೂ ಪಕ್ಕಪಕ್ಕ ಕೂತರು. "ಒಂದಕ್ಕೊಂದು ಕೂಡಿದ್ರೆ?" ಎಂದೆ. ಇಬ್ಬರು ಮುದುಕಿಯರೂ ಉಳಿದ ಎಂಟೂ ಹಲ್ಲು ತೋರಿಸಿ "ನೀ!" ಎಂದರು. ಶಿನೊ ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ಈ ಮನೆಗೆ ಬಂದು ಹದಿನೇಳು ವರ್ಷಕ್ಕೆ ನಾನೊಂದು ಪ್ರಯೋಜನದ ಕೆಲಸ ಮಾಡಿದೆ ಎನ್ನಿಸಿತು.

ಊಟ ಮುಗಿದು ನೆರೆಯವರೆಲ್ಲ ಹೋದ ಮೇಲೆ ರೀಲನ್ನು ಹಿಂದಕ್ಕೆ ಸುತ್ತಲು ಕೂತೆ. ಸುತ್ತುವ ಗುಂಡಿ ಬಿಗಿಯಾಗಿರಬೇಕು, ಒಳಗೆ ಫಿಲ್ಮಿನ ಎಳೆತ ಕೈಗೆ ತಾಗಬೇಕು. ನನ್ನ ಗುಂಡಿ ಅರ್ಧ ಸುತ್ತಿಗೇ ನಿರಾಳವಾಗಿ ಗಿರ್ರನೆ ತಿರುಗಿತು. ಎಲ್ಲರೆದುರೇ ಬಾಗಿಲು ತೆಗೆದೆ. ಟಕ್ ಎಂದು ಇಪ್ಪತ್ತು ಸೊನ್ನೆಗೆ ಹಾರಿತು. ಒಳಗೆ ರೀಲಿನ ನಾಲಿಗೆ ಸೀಳಿನಿಂದ ಜಾರಿ ಹೊರಗೆ ಆರಾಮವಾಗಿ ಬಿದ್ದುಕೊಂಡಿತ್ತು. ಬೆಳಿಗ್ಗೆಯಿಂದ ಫಿಲ್ಮು ಒಂದಂಗುಲವೂ ಮುಂದೆ ಹೋಗಿರಲಿಲ್ಲ.

ನನ್ನ ಕೌಂಟರ್ ಸುಳ್ಳು ಹೇಳಲಿಲ್ಲ, ಅದು ಬೇರೆ ಮಾತು. ಅದು ಲಿವರ್ ಎಷ್ಟು ಸಲ ತಿರುಗಿತು ಎಂದು ಎಣಿಸುತ್ತದೆ, ಫೋಟೊ ಬಿತ್ತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಲಿವರ್ ಎಳೆದಾಗ ಆ ಗುಂಡಿಯೂ ತಾನಾಗಿ ತಿರುಗುತ್ತಿದೆಯೇ ಎಂದು ನೋಡಿದ್ದರೆ ಸಾಕಿತ್ತು, ಕ್ಯಾಮೆರಾ ಕೊಂಡ ಪ್ರತಿಯೊಬ್ಬರಿಗೂ ಇದನ್ನು ಮೊದಲ ಪುಟದಲ್ಲೇ ಬರೆದು ಕೊಡುತ್ತೇವೆ. ನಾನು ನೋಡಿದ್ದು ನನ್ನ ಕಿಟಕಿ ಮಾತ್ರ. ಇಪ್ಪತ್ತು ಫೋಟೊ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

"ಅಂದ್ರೆ," ಎಂದರು ದೊಡ್ಡತ್ತೆ ನಿಧಾನವಾಗಿ, "ನಾನು ಹಲ್ಲು ಕಿರಿದಿದ್ದು ಖಾಲಿ ಡಬ್ಬಿಗಾ?"

"ಡಬ್ಬಿ ಖಾಲಿ ಇಲ್ಲ ದೊಡ್ಡತ್ತೆ, ತುಂಬಿದೆ. ಇಪ್ಪತ್ತೂ ಹಾಗೇ ಉಳಿದಿವೆ."

"ಹದಿನೆಂಟು ವರ್ಷದ ಮೇಲೆ ಇವಳ ಪಕ್ಕ ಕೂತು ನಕ್ಕಿದ್ದು ನಾನು! ಅದೇನು ಪುಕ್ಕಟೆ ಬರುತ್ತಾ, ಕೇಳ್ದಾಗೆಲ್ಲ ಕೊಡೋಕೆ?"

ಶಿನೊ ನನ್ನ ಕಡೆ ನೋಡಿದಳು. 'ಸ್ಟುಡಿಯೊ' ಎಂಬ ಒಂದು ಪದವನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮರುದಿನದ ರೈಲಿಗೆ ಕಟ್ಟಿದ್ದ ಗಂಟನ್ನು ದೊಡ್ಡತ್ತೆ ಬಿಚ್ಚಿದರು. "ಈ ಇಪ್ಪತ್ತೂ ತೆಗೆದು, ತೊಳೆಸಿ, ಫೋಟೊ ನನ್ನ ಕೈಗೆ ಬಂದ ಮೇಲೇ ಹೊರಡೋದು. ನಮ್ಮದು ಕೊನೇದು. ಮೊದಲೇ ನಗಲ್ಲ." ರೀಲನ್ನು ಅರ್ಧಕ್ಕೇ ತೊಳೆಯಲು ಕೊಡುವ ಮಾತೇ ಇಲ್ಲ. ಅನ್ನದ ಅಗುಳು ಬಿಟ್ಟರೆ ಕಣ್ಣು ಹೋಗುತ್ತದೆ ಎಂದು ಬೆಳೆದ ಮನೆ ಅದು. ಸರಿ, ದೊಡ್ಡತ್ತೆ ಉಳಿದರು. ಎಲ್ಲಿ ಮಲಗುವುದು? ನನ್ನ ಮೂರು ಚಾಪೆಯ ಕೋಣೆಯಲ್ಲಿ. ನನ್ನ ಗಾಳದ ಕೋಲುಗಳೂ ನಾನೂ ಅಡುಗೆಮನೆಯ ಹಿಂದಿನ ಹಜಾರದಲ್ಲಿ, ಉಪ್ಪಿನಕಾಯಿ ಪೀಪಾಯಿಯ ನೆರೆಯಲ್ಲಿ ಬಿಡಾರ ಹೂಡಿದೆವು.

ಈಗ ಮನೆಯಲ್ಲಿ ಎರಡು ಹುಲಿ. ಬೆಳಗಾದರೆ ಜಗಳ. ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು. ಸರೋವರದ ಮೀನಿಗೆ ಕೆಸರು ವಾಸನೆ, ಸಮುದ್ರದ ಮೀನಿಗೆ ಸಮುದ್ರದ್ದೇ ವಾಸನೆ. ೧೯೦೨ರಲ್ಲಿ ಪರ್ಸಿಮನ್ ಹಣ್ಣು ಕದ್ದದ್ದು ಯಾರು? ಈ ವಿಚಾರಣೆ ಎರಡು ದಿನ ನಡೆದು ತೀರ್ಪಿಲ್ಲದೆ ಮುಂದಕ್ಕೆ ಹೋಯಿತು. ಅವರಿಬ್ಬರ ಮುಖದಲ್ಲಿ ಕಳೆ ಬಂದಿತ್ತು, ಅದನ್ನು ನಾನು ಗಮನಿಸಿದೆ. ನನಗೆ ಬೇಕಾಗಿದ್ದದ್ದು ನನ್ನ ಕೋಣೆ. ಆದ್ದರಿಂದ ಇಪ್ಪತ್ತನ್ನು ಬೇಗ ಮುಗಿಸಲು ಪಣ ತೊಟ್ಟೆ. ಈ ಸಲ ಗುಂಡಿ ತಿರುಗುವುದನ್ನು ಪರೀಕ್ಷಿಸಿಕೊಂಡೇ ತೆಗೆದೆ. ಬೆಕ್ಕು ಮಲಗಿದ್ದು, ಬೆಕ್ಕು ಎದ್ದದ್ದು, ಮೂಲಂಗಿ, ಹಿಮ, ಶಿನೊಳ ಬೆನ್ನು (ಮುಂಭಾಗ ಒಪ್ಪಲಿಲ್ಲ). ಮೂರೇ ದಿನದಲ್ಲಿ ಹದಿಮೂರು!

ನಾಲ್ಕನೆಯ ದಿನ ಕಾರ್ಖಾನೆಯಿಂದ ಬಂದು ನೋಡುತ್ತೇನೆ, ಕಿಟಕಿಯಲ್ಲಿ ಸೊನ್ನೆ.

ಮನೆಗೆ ಬೆಂಕಿ ಬಿದ್ದರೂ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಹಲ್ಲು ಜಾರಿತೇ? ಕೊಕ್ಕೆ ಸಡಿಲವೇ? ನಾನು ಜೋಡಿಸಿದ ಸ್ಪ್ರಿಂಗು, ನನ್ನ ಕೈಕೆಲಸ! ಮರುದಿನ ಕ್ಯಾಮೆರಾವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಕಾರ್ಖಾನೆಗೆ ಒಯ್ದು, ಊಟದ ಬಿಡುವಿನಲ್ಲಿ ನೆತ್ತಿಯ ತಗಡು ಬಿಚ್ಚಿ, ಭೂತಗಾಜು ಹಿಡಿದು ನೋಡಿದೆ. ಒಂದು ಕೂದಲಿನಷ್ಟೂ ತಪ್ಪಿಲ್ಲ. ತಲೆ ಕೆರೆದುಕೊಂಡು ಮನೆಗೆ ಬಂದೆ. ಮತ್ತೆ ಐದು ತೆಗೆದೆ.

ಭಾನುವಾರ ಮಧ್ಯಾಹ್ನ ಕೆಂಡದ ಮೇಜಿನ ಹೊದಿಕೆಯೊಳಗೆ ಕುತ್ತಿಗೆವರೆಗೂ ತೂರಿಕೊಂಡು ತೂಕಡಿಸುತ್ತಿದ್ದೆ. ಬಾಗಿಲು ಸರಿದ ಸದ್ದಾಯಿತು. ಅರೆಗಣ್ಣಲ್ಲಿ ನೋಡಿದೆ. ಅತ್ತೆ. ತುದಿಗಾಲಲ್ಲಿ ಬಂದು, ಕಪಾಟಿನ ಮೇಲಿದ್ದ ಕ್ಯಾಮೆರಾ ತೆಗೆದುಕೊಂಡು, ಬೆನ್ನಿನ ಬಾಗಿಲು ತೆಗೆದರು. ಟಕ್. ಕಿಟಕಿಯನ್ನು ಮೂಗಿಗೆ ಹತ್ತಿರ ಹಿಡಿದು ನೋಡಿ, ಬಾಗಿಲು ಮುಚ್ಚಿ, ಮಗುವಿನ ಬೆನ್ನು ತಟ್ಟಿದ ಹಾಗೆ ಎರಡು ಸಲ ತಟ್ಟಿ ಮೇಲಿಟ್ಟರು. ತಿರುಗಿದಾಗ ನನ್ನ ಕಣ್ಣಿಗೆ ಕಣ್ಣು ಸಿಕ್ಕಿತು.

"ಅಳಿಯಂದ್ರೆ, ಎಚ್ಚರ ಇದ್ದೀರಾ?"

"ಇಲ್ಲ ಅತ್ತೆ."

ಅತ್ತೆ ಎದುರಿಗೆ ಕೂತರು. ಹದಿನೇಳು ವರ್ಷದಲ್ಲಿ ಅವರು ನನ್ನೆದುರು ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. "ನೀವೇ ಹೇಳಿದ್ರಲ್ಲ, ಬಾಗಿಲು ತೆಗೆದ್ರೆ ಮತ್ತೆ ಮೊದಲಿಂದ ಶುರು ಅಂತ."

"ಅಂಕಿ ಶುರು ಆಗುತ್ತೆ ಅತ್ತೆ, ಫಿಲ್ಮು ಆಗಲ್ಲ! ಒಳಗೆ ಬೆಳಕು ಹೋಯ್ತು. ತೆಗೆದಿದ್ದೆಲ್ಲ ಸತ್ತು ಹೋಯ್ತು!"

"ಬೆಕ್ಕಿನ ಫೋಟೊ ಸತ್ರೆ ಸಾಯ್ಲಿ ಬಿಡಿ. ಇಪ್ಪತ್ತಾದ್ರೆ ಅವಳು ಹೊರಟುಬಿಡ್ತಾಳೆ." ಅತ್ತೆ ಹೊದಿಕೆಯ ಅಂಚನ್ನು ಮಡಿಸಿದರು, ಬಿಡಿಸಿದರು. "ಇರು ಅಕ್ಕ ಅಂತ ಹೇಳ್ಬೇಕು ಅಂತ ದಿನಾ ಬಾಯಿ ತೆಗೀತೀನಿ. ಬೇರೆ ಏನೋ ಬೈಗುಳ ಬಂದುಬಿಡುತ್ತೆ. ಅವಳಿಗೆ ಹೇಳ್ಬೇಡಿ, ದಮ್ಮಯ್ಯ."

ಹುಲಿ ದಮ್ಮಯ್ಯ ಎಂದರೆ ಏನು ಉತ್ತರ ಕೊಡಬೇಕೆಂದು ನನಗೆ ಯಾರೂ ಕಲಿಸಿಲ್ಲ. "ಆಗ್ಲಿ ಅತ್ತೆ. ಆದ್ರೆ ಮೊನ್ನೆ ಹದಿಮೂರನ್ನ ಅಳಿಸಿದ್ದು ಅತಿಯಾಯ್ತು."

"ಹದಿಮೂರಾ? ನಾನು ನೋಡಿದಾಗ ಐದಿತ್ತು. ಇವತ್ತೇ ನಾನು ಮೊದಲು ಮುಟ್ಟಿದ್ದು."

ಎದ್ದು ಹಜಾರಕ್ಕೆ ಹೋದೆ. ದೊಡ್ಡತ್ತೆ ಪೀಪಾಯಿಯಿಂದ ಸೊಪ್ಪು ತೆಗೆಯುತ್ತಿದ್ದರು. "ದೊಡ್ಡತ್ತೆ, ಕ್ಯಾಮೆರಾ ಬಾಗಿಲು..." ಎಂದೆನಷ್ಟೆ, ಕೈಯಲ್ಲಿದ್ದ ಸೊಪ್ಪು ಪೀಪಾಯಿಗೆ ಜಾರಿತು.

"ಮೆತ್ತಗೆ ಮಾತಾಡಪ್ಪ! ಅವಳಿಗೆ ಕೇಳಿಸೀತು." ಸುತ್ತ ನೋಡಿ ನನ್ನ ತೋಳು ಹಿಡಿದರು. ಕೈ ಉಪ್ಪುನೀರಿನಲ್ಲಿ ಮರಗಟ್ಟಿತ್ತು. "ಊರಲ್ಲಿ ನಂಗೇನೂ ಕಮ್ಮಿ ಇಲ್ಲ. ಮಗ ಒಳ್ಳೆಯೋನು, ಸೊಸೆ ಒಳ್ಳೆಯೋಳು. ನಾನು ಏನಂದ್ರೂ ಹೂಂ ಅಂತಾರೆ. ಮೂರು ಹೊತ್ತೂ ಹೂಂ. ಜಗಳ ಆಡೋಕೆ ಒಂದು ಜೀವ ಇಲ್ಲ ಅಲ್ಲಿ. ನಾನು ಚಿಕ್ಕೋಳಿದ್ದಾಗ ಹೇಗಿದ್ದೆ ಅಂತ ಗೊತ್ತಿರೋಳು ಈ ಭೂಮಿ ಮೇಲೆ ಇವಳೊಬ್ಳೇ. ಇರ್ತೀನಿ ಅಂತ ನಾನಾಗೇ ಹೇಗೆ ಹೇಳ್ಲಿ? ಅವಳು ಕರೀಲಿ. ಕರೆಯೋದಿಲ್ಲ, ಹಟಮಾರಿ." ಮತ್ತೆ ಪೀಪಾಯಿಗೆ ಕೈ ಹಾಕಿದರು. "ಅವಳಿಗೆ ಹೇಳ್ಬೇಡ."

ಆ ದಿನ ನಾನು ಊರಿಗೇ ಶ್ರೀಮಂತನಾಗಿದ್ದೆ, ಎರಡು ಗುಟ್ಟಿನ ಒಡೆಯ. ಜೊತೆಗೆ ನಿಜವಾದ ಲೆಕ್ಕ ತಿಳಿದಿದ್ದವನೂ ನಾನೊಬ್ಬನೇ. ಕಿಟಕಿ ಸೊನ್ನೆ ಎನ್ನುತ್ತಿತ್ತು. ಫಿಲ್ಮಿನಲ್ಲಿ ಹದಿಮೂರೂ ಐದೂ ಸೇರಿ ಹದಿನೆಂಟು ಮಣ್ಣುಪಾಲಾಗಿ, ಎರಡು ಉಳಿದಿದ್ದವು.

ಆ ಎರಡನ್ನೂ ಬೆಕ್ಕಿಗೆ ಕೊಡಲು ಮನಸ್ಸು ಬರಲಿಲ್ಲ. ಮರುವಾರ ಬಿಸಿಲು ಚೆನ್ನಾಗಿ ಬಿದ್ದ ಬೆಳಿಗ್ಗೆ ಅಕ್ಕತಂಗಿಯರನ್ನು ಜಗುಲಿಗೆ ಕರೆದೆ. "ಸುಮ್ನೆ ಬೆಳಕು ನೋಡೋಕೆ. ಇನ್ನೂ ಸೊನ್ನೆಯಲ್ಲಿದೆ ನೋಡಿ. ಕೊನೇದಕ್ಕೆ ಇನ್ನೂ ಬಹಳ ದೂರ." ಇಬ್ಬರೂ ಕಿಟಕಿಯನ್ನು ಇಣುಕಿ ನೋಡಿ, ಇಬ್ಬರೂ ಬೇರೆಬೇರೆಯಾಗಿ ನಿಟ್ಟುಸಿರು ಬಿಟ್ಟು, ನಿಶ್ಚಿಂತೆಯಾಗಿ ಕೂತರು. ನಗಿ ಎಂದು ನಾನು ಹೇಳಲೇ ಇಲ್ಲ. ಕೂತ ತಕ್ಷಣ ಪರ್ಸಿಮನ್ ಮೊಕದ್ದಮೆ ಮತ್ತೆ ಶುರುವಾಯಿತು. "ಮರ ಹತ್ತಿದ್ದು ನಾನೇ, ತಿಂದಿದ್ದು ನೀನು!" "ಬಿದ್ದು ಅಂಗಿ ಹರ್ಕೊಂಡಿದ್ದು ಯಾರೇ?" ಅತ್ತೆ ಅಕ್ಕನ ತೊಡೆಗೆ ಹೊಡೆದರು, ದೊಡ್ಡತ್ತೆ ಹಿಂದಕ್ಕೆ ವಾಲಿ ನಕ್ಕರು. ಒತ್ತಿದೆ. ಲಿವರ್ ತಿರುಗಿಸಿದೆ, ಕಿಟಕಿಯಲ್ಲಿ ಒಂದು ಬಂತು. ಇನ್ನೊಂದು ಸಲ ಒತ್ತಿದೆ. ಲಿವರ್ ಎಳೆದೆ. ಅರ್ಧಕ್ಕೆ ಬಂದು ಗೋಡೆಗೆ ತಾಗಿದ ಹಾಗೆ ನಿಂತಿತು.

ಶಿನೊ ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದಳೋ. "ಏನ್ರೀ, ಸಿಕ್ಕಿಕೊಳ್ತಾ?"

"ರೀಲು ಮುಗೀತು."

"ಮುಗೀತಾ? ಕಿಟಕೀಲಿ ಒಂದು ಅಂತಿದೆ! ಹಳೇ ಲೆಕ್ಕದಲ್ಲೂ ಒಂದು, ಹೊಸ ಲೆಕ್ಕದಲ್ಲೂ ಒಂದು. ಬೆಕ್ಕಿಂದೇ ಆರು ತೆಗೆದಿದ್ರಿ, ಅವೆಲ್ಲ ಎಲ್ಲಿ ಹೋದ್ವು?" ಅವಳ ದೃಷ್ಟಿ ನಿಧಾನವಾಗಿ ಜಗುಲಿಯ ಕಡೆ ಹೊರಳಿತು. "ಯಾರಾದ್ರೂ ಬಾಗಿಲು ಏನಾದ್ರೂ..."

ಅತ್ತೆ ಸರೋವರದ ಮೇಲಿನ ಮಂಜುಗಡ್ಡೆಯನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ದೊಡ್ಡತ್ತೆ ಮರದ ಪಾದುಕೆಯ ಪಟ್ಟಿಯನ್ನು ಬಿಗಿ ಮಾಡುತ್ತಿದ್ದರು. ಒಂದು ಮಾತು, ಒಂದೇ ಮಾತು ನಿಜ ಹೇಳಿದರೆ ಸಾಕಿತ್ತು. ಮರ್ಯಾದೆ ಹೋದ ದೊಡ್ಡತ್ತೆ ಸಂಜೆಯ ರೈಲಿಗೇ ಹೊರಟುಬಿಡುತ್ತಿದ್ದರು, ನನ್ನ ಕೋಣೆ ನನಗೆ ಬರುತ್ತಿತ್ತು, ನನ್ನ ಕೌಂಟರಿನ ಮಾನವೂ ಉಳಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ನಾನು ಜೋಡಿಸಿದ ಒಂದೇ ಒಂದು ಕಿಟಕಿಯೂ ದೂರಿಗೆ ಬಂದು ವಾಪಸಾಗಿಲ್ಲ. ಒಂದೇ ಒಂದು!

"ಕೌಂಟರ್ ಕೆಟ್ಟಿದೆ," ಎಂದೆ.

"ಕೌಂಟರಾ? ಯಾರು ಜೋಡಿಸಿದ್ದು ಅದನ್ನ?"

"ನಾನೇ. ಸ್ಪ್ರಿಂಗು ತಪ್ಪು ಕೂರಿಸಿದ್ದೀನಿ. ಅದಕ್ಕೇ ಆಗಾಗ ಸೊನ್ನೆಗೆ ಓಡುತ್ತೆ. ಬೆಳಕು ಬೇರೆ ಒಳಗೆ ಹೋಗಿದೆ. ನನ್ನದೇ ತಪ್ಪು."

ಶಿನೊ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅಂದಿನ ಊಟದಲ್ಲಿ ನನ್ನ ತಟ್ಟೆಗೆ ಮಾತ್ರ ಎರಡು ಮೀನು ಬಿದ್ದವು, ಹದಿನೇಳು ವರ್ಷದಲ್ಲಿ ಮೊದಲ ಸಲ.

ಹತ್ತು ದಿನಕ್ಕೆ ಫೋಟೊ ತೊಳೆದು ಬಂತು. ಫಿಲ್ಮಿನ ಮೊದಲ ಹದಿನೆಂಟು ಚೌಕಗಳೂ ಇದ್ದಿಲಿನಂತೆ ಕಪ್ಪು. ಹತ್ತೊಂಬತ್ತನೆಯ ಫೋಟೊದ ಒಂದು ಅಂಚು ಬೆಳಕು ತಾಗಿ ಬಿಳಿಚಿತ್ತು, ಆದರೆ ನಡುವೆ ಅಕ್ಕತಂಗಿಯರು ಸ್ಪಷ್ಟವಾಗಿದ್ದರು. ಇಪ್ಪತ್ತನೆಯದು ಇನ್ನೂ ಚೆನ್ನ. ಇಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಅತ್ತೆಯ ಬೆರಳು ಅಕ್ಕನ ಮೂಗಿನ ಹತ್ತಿರ ಇದೆ, ದೊಡ್ಡತ್ತೆ ಕಣ್ಣು ಮುಚ್ಚಿ ಬಾಯ್ತುಂಬ ನಗುತ್ತಿದ್ದಾರೆ. ಯಾವ ಸ್ಟುಡಿಯೊದವನೂ ಅದನ್ನು ತೆಗೆಯಲಾರ ಎಂದು ನಾನು ಇಂದಿಗೂ ಹೇಳುತ್ತೇನೆ. ಇಬ್ಬರೂ ಆ ಫೋಟೊವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತರು.

ಕೊನೆಗೆ ದೊಡ್ಡತ್ತೆ ಮೂಗೊರೆಸಿಕೊಂಡು, ಉಳಿದ ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದರು.

"ಇಪ್ಪತ್ತರಲ್ಲಿ ಹದಿನೆಂಟು ಹಾಳು! ತೋರಾ, ಇಪ್ಪತ್ತರ ತನಕ ಎಣಿಸೋಕೆ ಬರದ ಅಳಿಯನ್ನ ಕಟ್ಕೊಂಡು ನೀನು ಸಂಸಾರ ಹೇಗೆ ಮಾಡ್ತೀಯೆ?"

"ಅದೇ ನಂಗೂ ಚಿಂತೆ ಅಕ್ಕ," ಎಂದರು ಅತ್ತೆ, ನನ್ನ ಕಡೆ ನೋಡದೆ. "ಮಗಳಿಗೂ ಕೈ ಸಾಲಲ್ಲ. ಮನೇಲಿ ಇನ್ನೊಬ್ಬರು ದೊಡ್ಡೋರು ಇದ್ದಿದ್ರೆ ಒಳ್ಳೇದಿತ್ತು."

"ಹಾಗಾದ್ರೆ ಇವನನ್ನ ಹೀಗೇ ಬಿಟ್ಟು ಹೋಗೋದು ಸರಿಯಲ್ಲ."

"ಸರಿಯಲ್ಲ ಅಕ್ಕ. ಇರು."

ಅಂದುಬಿಟ್ಟರು! ಆ ಎರಡಕ್ಷರ ಹೊರಗೆ ಬರಲು ಹದಿನೆಂಟು ವರ್ಷವೂ ನನ್ನ ಹನ್ನೊಂದು ವರ್ಷದ ಕೀರ್ತಿಯೂ ಬೇಕಾದವು. ಅಷ್ಟರಲ್ಲಿ ಶಿನೊ ನನ್ನ ಗಾಳದ ಕೋಲುಗಳನ್ನು ಹಜಾರದಿಂದಲೂ ಎತ್ತಿ ಹೊರಗಿನ ಕೊಟ್ಟಿಗೆಗೆ ಸಾಗಿಸುತ್ತಿದ್ದಳು. ದೊಡ್ಡತ್ತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ತಿರುಗಿದರು.

"ಅಳಿಯಪ್ಪಾ, ನಾಳೆ ಇನ್ನೊಂದು ರೀಲು ತಗೊಂಡ್ ಬಾ. ಇಪ್ಪತ್ತರದ್ದು ಬೇಡ. ಮೂವತ್ತಾರರದ್ದು."